ಅವ್ವನ ಮೊಣಕಾಲು, ಮೂರು ಬಸಿಲಿಕಗಳು

ಮೊದಲೇ ಹೇಳಿಬಿಡ್ತೀನಿ, ನಮಗೆ ಹರಿಹರದ ಆರೋಗ್ಯ ಮಾತೆಯ ಬಸಿಲಿಕವೇ ಸೈ. ಬಸಿಲಿಕ ಅಂದರೆ ಪೋಪ್ ವಿಶೇಷ ಪದವಿ ಕೊಟ್ಟ ಚರ್ಚು. ದಾವಣಗೆರೆಯಲ್ಲಿ ಬಸ್ ಹತ್ತಿದರೆ ಸುಮಾರು 14 ಕಿಲೋಮೀಟರು, ಅವ್ವ ಒಂದು ಜಪಸರ ಮುಗಿಸುವ ಹೊತ್ತಿಗೆ ಊರು ಬಂದಿರುತ್ತೆ. ಹಾಗಿದ್ದೂ, ಅವಳ ಮೊಣಕಾಲಿನ ಆಪರೇಷನ್ ಸರಿಹೋದರೆ ತಮಿಳುನಾಡಿನ ವೇಳಾಂಕಣಿಗೆ ಬರ್ತೀವಿ ಅಂತ ಹರಕೆ ಹೊತ್ತವನು ನಾನೇ. ಅಲ್ಲೂ ಆರೋಗ್ಯ ಮಾತೆ, ಇಲ್ಲೂ ಆರೋಗ್ಯ ಮಾತೆ. ದೂರ ಹೋದಷ್ಟೂ ಹರಕೆಗೆ ತೂಕ ಹೆಚ್ಚು ಅನ್ನೋದು ನನ್ನ ಲೆಕ್ಕ.

ಗೋವಾದ ವಾಸ್ಕೋದಿಂದ ವೇಳಾಂಕಣಿಗೆ ಹೋಗುವ ರೈಲು ದಾವಣಗೆರೆ ಮೇಲೇ ಹಾಯುತ್ತೆ, ಆದರೆ ವಾರಕ್ಕೊಂದೇ. ಟಿಕೆಟ್ ಸಿಗಲಿಲ್ಲ. ಬೆಂಗಳೂರಿಗೆ ಹೋಗಿ ರಾತ್ರಿ ಬಸ್ ಹಿಡಿದೆವು. ಅದನ್ನಾದರೂ ತಡೆದುಕೊಂಡೆವು, ಸೋಲಿಸಿದ್ದು ಲಾಡ್ಜು. ವಯಸ್ಸಾದವರಿದ್ದಾರೆ, ಕೆಳಗಿನ ರೂಮೇ ಬೇಕು ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದೆ. 'ಸರಿ ಸಾರ್' ಅಂತ ಅಡ್ವಾನ್ಸ್ ಹಾಕಿಸಿಕೊಂಡಿದ್ದರು. ಹೋಗಿ ನೋಡಿದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ.

ಆಗಸ್ಟ್ 29ಕ್ಕೆ ಬಾವುಟ ಏರಿತೆಂದರೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಆ ಊರಲ್ಲಿ ಜನವೋ ಜನ. ನಾವು ಹೋದದ್ದು ಸರಿಯಾಗಿ ಆ ನೊವೇನದ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ ದಿನಗಳಲ್ಲೇ. ಎಲ್ಲಿ ಕೇಳಿದರೂ ಫುಲ್. ಕೌಂಟರಿನ ಹುಡುಗನಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಅವ್ವನ ಮೊಣಕಾಲು ತೋರಿಸಿದೆ, ಅವನು ಕೈಮುಗಿದು ಮೆಟ್ಟಿಲು ತೋರಿಸಿದ. ಎಣಿಸಿದ್ದೀನಿ, 54. ಒಂದೊಂದು ತಿರುವಿನಲ್ಲೂ ಕೂತು ಅವ್ವ, "ಮಾತೆ ಕೆಳಗ ಅದಾಳ, ನನ್ನ ಯಾಕಪ್ಪ ಮುಗಿಲಿಗೆ ಹತ್ತಿಸ್ತಿ?" ಅಂದಳು. ರಾತ್ರಿ ಊಟಕ್ಕೆ ಇಳಿಯೋದೇ ಬೇಡ ಅಂತ ಊರಿಂದ ಕಟ್ಟಿಕೊಂಡು ಹೋಗಿದ್ದ ಮಂಡಕ್ಕಿ ತಿಂದು ಮಲಗಿದೆವು. ಮರುದಿನವೇ ರೂಮು ಬಿಟ್ಟೆವು. ಉಳಿದ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ.

ಮಾತೆಯ ಮುಂದೆ ಅವ್ವ ಶಿಲುಬೆ ಗುರುತು ಹಾಕಿಕೊಳ್ಳುವಷ್ಟರಲ್ಲಿ ನೂಕುನುಗ್ಗಲು ನಮ್ಮನ್ನು ಹೊರಗೆ ದಬ್ಬಿತ್ತು. ತಗಡಿನ ಕಾಲು ಕಾಣಿಕೆ ಹಾಕಿದ್ದಷ್ಟೇ ಸಮಾಧಾನ.

ಆದರೆ ಅಲ್ಲಿನ ಮರಳ ದಾರಿ ಹರಿಹರದಲ್ಲಿಲ್ಲ, ಅದನ್ನು ಒಪ್ಪಲೇಬೇಕು. ಹರಕೆಯವರು ಅದರ ಮೇಲೆ ಮೊಣಕಾಲಲ್ಲೇ ಸಾಗುತ್ತಾರೆ. ಒಬ್ಬಾತ ಮಗುವನ್ನು ಹೆಗಲಿಗೆ ಒರಗಿಸಿಕೊಂಡು ಹೋಗುತ್ತಿದ್ದ. ಮೊಣಕಾಲಿಗೆ ಕಟ್ಟಿದ್ದ ಟವೆಲ್ ಬಿಚ್ಚಿ ಹಿಂದೆ ಬಿದ್ದದ್ದೇ ಅವನಿಗೆ ಗೊತ್ತಿಲ್ಲ. ಅವ್ವ ಅದನ್ನೆತ್ತಿ, ಮರಳು ಕೊಡವಿ, ಅವನ ಹೆಂಡತಿ ಕೈಗಿಟ್ಟಳು. ಆಮೇಲೆ ಅವಳು ಮೆಟ್ಟಿಲ ಮಾತು ಎತ್ತಲಿಲ್ಲ. ನಾನು ಎತ್ತುತ್ತಲೇ ಇದ್ದೆ.

ಬರುವಾಗ ಬೆಂಗಳೂರಿನಲ್ಲಿ ಶಿವಾಜಿನಗರದ ಸಂತ ಮೇರಿ ಬಸಿಲಿಕಕ್ಕೂ ಹೋದೆವು. 1882ರಲ್ಲಿ ಮುಗಿದ ಗೋಥಿಕ್ ಕಟ್ಟಡ, ಸೀರೆ ಉಟ್ಟ ಮಾತೆ. ಸೀರೆ ನೋಡಿ ಅವ್ವನಿಗೆ ಬಲು ಖುಷಿ. ನನಗೆ ಮಾತ್ರ ರಸೆಲ್ ಮಾರ್ಕೆಟ್ಟಿನ ಗದ್ದಲದಲ್ಲಿ ಅವಳ ಕೈ ಹಿಡಿದು ರಸ್ತೆ ದಾಟಿಸಿದ್ದೇ ನೆನಪು.

ಪದವಿಯಲ್ಲಿ ಮೂರೂ ಕಿರಿಯ ಬಸಿಲಿಕಗಳೇ: ವೇಳಾಂಕಣಿ 1962ರಲ್ಲಿ, ಶಿವಾಜಿನಗರ 1973ರಲ್ಲಿ, ನಮ್ಮ ಹರಿಹರ 2019ರಲ್ಲಿ. ವೇಳಾಂಕಣಿಗೆ ನಮ್ಮಿಬ್ಬರಿಗೆ 11,000 ರೂಪಾಯಿ ಮುಗಿಯಿತು. ಹರಿಹರಕ್ಕೆ ಶಕ್ತಿ ಯೋಜನೆಯಲ್ಲಿ ಅವ್ವನಿಗೆ ಟಿಕೆಟ್ಟಿನ ದುಡ್ಡೇ ಇಲ್ಲ, ನನ್ನದೊಂದು, ಮೇಲೆ ಎರಡು ಮೊಂಬತ್ತಿ. ಶನಿವಾರ ಹೋದರೆ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಾಳೆ. ಪಕ್ಕದಲ್ಲಿ ವಿಭೂತಿ ಹಚ್ಚಿದ ಅಜ್ಜಿಯೊಬ್ಬಳು ಬಂದು ಕೂತರೆ ಇಬ್ಬರದೂ ಮಂಡಿನೋವಿನ ಮಾತೇ. ಏಳಿ ಅನ್ನುವವರಿಲ್ಲ.

ವೇಳಾಂಕಣಿಗೆ ಇನ್ನೊಮ್ಮೆ ಹೋಗಬೇಕು ಅಂತಾಳೆ ಅವ್ವ. ಹೋಗೋಣ, ಹಬ್ಬದ ದಿನಗಳು ಬಿಟ್ಟು, ರೈಲಿನಲ್ಲೇ. ರೂಮು ಕಣ್ಣಾರೆ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಲ್ಲ.