ಮನೆಯ ಪೆಡಲ್‌ಬೋರ್ಡಿಗೆ ಟ್ಯೂನರ್ ಬೇಕಾ? ಬಾಸ್ ಟಿಯು-3 ಹಲವು ವರ್ಷ ಬಳಸಿದ ಮೇಲೆ

ಸ್ಟೇಜ್ ಹತ್ತದ ಗಿಟಾರಿನವರಿಗೆ ಟ್ಯೂನರ್ ಪೆಡಲ್, ಅಂದರೆ ಶ್ರುತಿ ತೋರಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ, ಯಾಕೆ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಕೆಲವು ನೂರು ರೂಪಾಯಿಗೆ ಕ್ಲಿಪ್ ಟ್ಯೂನರ್ ಸಿಗುತ್ತದೆ. ಫೋನಿನಲ್ಲಿ ಪುಕ್ಕಟೆ ಆ್ಯಪ್ ಇದೆ. ಅದರ ಹಲವು ಪಟ್ಟು ದುಡ್ಡು ಕೊಟ್ಟು, ತಾನಾಗಿ ಒಂದು ಸದ್ದೂ ಮಾಡದ ಪೆಡಲ್ ತರುವುದು ಸ್ವಲ್ಪ ವಿಚಿತ್ರವೇ. ನಾನು ಮನೆಯಲ್ಲಿ ಮಾತ್ರ ನುಡಿಸುವವನು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಂದು ರೂಮು, ಒಂದು ಸಣ್ಣ ಆಂಪ್ (ಆಂಪ್ಲಿಫೈಯರ್), ಬೋರ್ಡಿನ ಮೇಲೆ ನಾಲ್ಕೈದು ಪೆಡಲ್. ಅದರಲ್ಲಿ ಮೊದಲ ಜಾಗ ಬಾಸ್ ಕಂಪನಿಯ ಟಿಯು-3 ಟ್ಯೂನರಿನದು. ಉಳಿದ ಪೆಡಲ್‌ಗಳು ಬಂದಿವೆ, ಹೋಗಿವೆ. ಇದು ಮಾತ್ರ ಅಲ್ಲೇ ಇದೆ. ಮನೆಗೂ ಟ್ಯೂನರ್ ಪೆಡಲ್ ಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಕಾರಣಕ್ಕಲ್ಲ.

ಡಬ್ಬದ ಮೇಲೆ ಬರೆದಿರುವುದು ನಿಖರತೆ. ಟಿಯು-3 ಹೇಳುವುದು ಒಂದು ಸೆಂಟ್ ಆಚೀಚೆ. ಟಿಸಿ ಎಲೆಕ್ಟ್ರಾನಿಕ್‌ನ ಪಾಲಿಟ್ಯೂನ್ 3 ಸ್ಟ್ರೋಬ್ ಮೋಡ್‌ನಲ್ಲಿ 0.02 ಸೆಂಟ್ ಅನ್ನುತ್ತದೆ; ಸ್ಟ್ರೋಬ್ ಅಂದರೆ ಶ್ರುತಿಯನ್ನು ಹರಿಯುವ ಗೆರೆಗಳಲ್ಲಿ ತೋರಿಸುವ ಬಗೆ. ಪೀಟರ್ಸನ್ ಸ್ಟ್ರೋಬೊಸ್ಟಾಂಪ್ 0.1 ಅನ್ನುತ್ತದೆ. ಅಂಗಡಿಯಲ್ಲಿ ಈ ಅಂಕಿ ನೋಡಿದರೆ ಟಿಯು-3 ಹಳೇ ಕಾಲದ್ದು ಅನಿಸುತ್ತದೆ. ಆದರೆ ಒಂದು ಸೆಂಟ್ ಅಂದರೆ ಎಷ್ಟು? ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಗಿಟಾರಿನ ಐದನೇ ತಂತಿ 110 ಹರ್ಟ್ಜ್. ಅಲ್ಲಿ ಒಂದು ಸೆಂಟ್ ಅಂದರೆ ಸುಮಾರು 0.064 ಹರ್ಟ್ಜ್. ಅಷ್ಟು ವ್ಯತ್ಯಾಸ ಇರುವ ಎರಡು ಸ್ವರ ಒಟ್ಟಿಗೆ ನುಡಿದರೆ, ಆ ದನಿ ಒಮ್ಮೆ ಏರಿ ಇಳಿಯಲು ಹದಿನಾರು ಸೆಕೆಂಡ್ ಹತ್ತಿರ ಬೇಕು. 0.02 ಸೆಂಟ್ ಆದರೆ ಹದಿಮೂರು ನಿಮಿಷ! ತಂತಿಯ ದನಿ ಅಷ್ಟು ಹೊತ್ತು ಉಳಿಯುವುದೇ ಇಲ್ಲ.

ಇನ್ನೊಂದು ಕಡೆ, ದಪ್ಪ ತಂತಿಯನ್ನು ಜೋರಾಗಿ ಮೀಟಿ ನೋಡಿ. ಟ್ಯೂನರಿನ ದೀಪ ಮೊದಲು ಮೇಲಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಬರೀ ಮೀಟಿನ ಜೋರಿಗೇ ಹಲವು ಸೆಂಟ್ ವ್ಯತ್ಯಾಸ ಬರುತ್ತದೆ. ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲೆ ಬೆರಳು ಬಿಗಿಯಾಗಿ ಒತ್ತಿದರೂ ಹಾಗೇ. ಕೈಯ ಬಿಸಿಗೆ ತಂತಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಹಾಗಾಗಿ ನುಡಿಸುವುದಕ್ಕೆ ಒಂದು ಸೆಂಟ್ ನಿಖರತೆ ಧಾರಾಳ ಸಾಕು. ಅದಕ್ಕಿಂತ ಮುಖ್ಯ, ನೀವು ಹಾಡಿನಲ್ಲಿ ಎಷ್ಟು ಜೋರಾಗಿ ಮೀಟುತ್ತೀರೋ ಅಷ್ಟೇ ಜೋರಿನಲ್ಲಿ ಶ್ರುತಿ ಮಾಡುವುದು. ಮೃದುವಾಗಿ ಮೀಟಿ ಶ್ರುತಿ ಮಾಡಿ, ಆಮೇಲೆ ಡ್ರೈವ್ (ದನಿ ಒರಟಾಗಿಸುವ ಪೆಡಲ್) ಹಾಕಿ ಬಾರಿಸಿದರೆ ದಪ್ಪ ತಂತಿಗಳೆಲ್ಲ ಏರಿದಂತೆ ಕೇಳುತ್ತವೆ.

ಮನೆಯಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಮ್ಯೂಟ್. ಪೆಡಲ್ ಒತ್ತಿದರೆ ಸದ್ದು ಬಂದ್, ದೀಪ ಆನ್. ಡಿಸ್ಟಾರ್ಷನ್ ಹಾಕಿಕೊಂಡು ಕೀ ತಿರುಗಿಸಿದರೆ ಬರುವ ಸದ್ದು ನಮಗೆ ಅಭ್ಯಾಸ ಆಗಿರುತ್ತದೆ. ಪಕ್ಕದ ರೂಮಿನಲ್ಲಿ ಓದುತ್ತಿರುವವರಿಗೆ ಆಗಿರುವುದಿಲ್ಲ. ಇನ್ನು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್ ಇರುವ) ಗಿಟಾರಿನ ಗುಂಯ್ ಅನ್ನುವ ಸದ್ದು. ಕರೆಂಟ್ ಹೋಗಿ ಮನೆಯ ಹಳೇ ಇನ್ವರ್ಟರ್ ಮೇಲೆ ಆಂಪ್ ಓಡುವಾಗ ಅದು ಎರಡರಷ್ಟಾಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಇರುವ ಮನೆಯವರಿಗೆ ಇದು ಗೊತ್ತೇ ಇರುತ್ತದೆ. ಯಾರಾದರೂ ಕರೆದರೆ, ಫೋನ್ ಬಂದರೆ, ಕಾಲಲ್ಲಿ ಒಂದು ಒತ್ತು ಸಾಕು, ಎಲ್ಲ ನಿಶ್ಶಬ್ದ. ಗಿಟಾರ್ ಬದಲಿಸಿ ಇನ್ನೊಂದಕ್ಕೆ ಕೇಬಲ್ ಚುಚ್ಚುವಾಗಲೂ ಢಬ್ ಅನ್ನುವುದಿಲ್ಲ. ಶ್ರುತಿ ಮಾಡುವುದಕ್ಕಿಂತ ಜಾಸ್ತಿ ಸಲ ನಾನು ಇದನ್ನು ಬಾಯಿ ಮುಚ್ಚಿಸುವುದಕ್ಕೇ ಒತ್ತುತ್ತೇನೆ.

ಕ್ಲಿಪ್ ಟ್ಯೂನರ್ ಕೆಟ್ಟದ್ದಲ್ಲ. ಅಕೌಸ್ಟಿಕ್ ಗಿಟಾರಿಗೆ ಈಗಲೂ ಅದೇ. ಆದರೆ ಅದು ಯಾವತ್ತೂ ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಇದ್ದರೆ ಸೆಲ್ ಇರುವುದಿಲ್ಲ. ಫೋನಿನ ಆ್ಯಪ್ ಮೈಕಿನಿಂದ ಕೇಳಿಸಿಕೊಳ್ಳುತ್ತದೆ. ಮಿಕ್ಸಿ ಓಡುವಾಗ ಅದು ಯಾವ ಸ್ವರ ತೋರಿಸುತ್ತದೆ ಅಂತ ನೋಡಿದರೆ ತಮಾಷೆಯಾಗಿರುತ್ತದೆ. ಪೆಡಲ್‌ಗೆ ಕೇಬಲ್‌ನಲ್ಲಿ ಬಂದದ್ದು ಮಾತ್ರ ಗೊತ್ತು. ಕಾಲ ಕೆಳಗೇ ಇರುವುದರಿಂದ ಪ್ರತಿ ಹಾಡಿಗೂ ಮುಂಚೆ ಒಮ್ಮೆ ನೋಡುವ ಅಭ್ಯಾಸ ತಾನಾಗಿ ಬಂತು.

ಡಿಸ್‌ಪ್ಲೇ ಬಗ್ಗೆ ಹೆಚ್ಚು ಹೇಳುವುದಿಲ್ಲ. 21 ದೀಪಗಳ ಕಮಾನು, ನಡುವೆ ಸ್ವರದ ಅಕ್ಷರ. ನಿಂತರೂ ಕೂತರೂ ಕಾಣುತ್ತದೆ. ಬಿಸಿಲಿನಲ್ಲಿ ನುಡಿಸುವವರಿಗೆ ಹೆಚ್ಚು ಬೆಳಕಿನ ಮೋಡ್ ಇದೆ. ರಾತ್ರಿ ಮಂದ ಬೆಳಕಿನ ರೂಮಿನಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ, ಕರೆಂಟೂ ಜಾಸ್ತಿ ಎಳೆಯುತ್ತದೆ. ಆಫ್ ಮಾಡಿಟ್ಟಿದ್ದೇನೆ.

ಕರೆಂಟಿನ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಮೊದಲ ಬೋರ್ಡ್ ಜೋಡಿಸುವವರು ಮುಗ್ಗರಿಸುವುದು ಇಲ್ಲೇ. ಇದಕ್ಕೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ನೆಗೆಟಿವ್. ಮನೆಯಲ್ಲಿ ಬಿದ್ದಿರುವ ಹಳೇ ರೂಟರ್ ಅಡಾಪ್ಟರಿನ ಪಿನ್ ನೋಡುವುದಕ್ಕೆ ಹಾಗೇ ಇರುತ್ತದೆ, ಒಳಗೂ ಹೋಗುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ನಡುವೆ ಪಾಸಿಟಿವ್, ಎಷ್ಟೋ ಸಲ 12 ವೋಲ್ಟ್ ಬೇರೆ. ಅಡಾಪ್ಟರಿನ ಮೇಲೆ ವೃತ್ತ ಮತ್ತು ಚುಕ್ಕೆಯ ಚಿತ್ರ ಇರುತ್ತದೆ. ಚುಚ್ಚುವ ಮುಂಚೆ ಅದನ್ನು ನೋಡಿ.

ಟಿಯು-3ರಲ್ಲಿ ಡಿಸಿ ಔಟ್ ಅಂತ ಒಂದು ಕಿಂಡಿ ಇದೆ. ಒಂದೇ ಅಡಾಪ್ಟರಿನಿಂದ ಇದಕ್ಕೂ, ಇದರ ಮೂಲಕ ಉಳಿದ ಪೆಡಲ್‌ಗಳಿಗೂ ಕರೆಂಟ್ ಕೊಡಬಹುದು. ಶುರುವಿನಲ್ಲಿ ಪವರ್ ಸಪ್ಲೈಗೆ ಬೇರೆ ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಇದು ದೊಡ್ಡ ಅನುಕೂಲ. ಎರಡು ಡ್ರೈವ್, ಒಂದು ಕಂಪ್ರೆಸರ್ ತನಕ ನನಗೆ ತೊಂದರೆ ಆಗಲಿಲ್ಲ. ಪ್ರತಿಧ್ವನಿ ಕೊಡುವ ಡಿಜಿಟಲ್ ಡಿಲೇ ಪೆಡಲ್ ಬಂದ ಮೇಲೆ ಡ್ರೈವ್ ಜಾಸ್ತಿ ಇಟ್ಟಾಗ, ಅಂದರೆ ಹೈ ಗೇನ್‌ನಲ್ಲಿ ಸಣ್ಣಗೆ ಒಂದು ಕೀರಲು ಸದ್ದು ಶುರುವಾಯಿತು. ಡಿಜಿಟಲ್ ಪೆಡಲ್ ಮತ್ತು ಡ್ರೈವ್ ಪೆಡಲ್ ಒಂದೇ ತಂತಿಯಿಂದ ಕರೆಂಟ್ ಎಳೆದರೆ ಹೀಗಾಗುವುದುಂಟು, ಯಾವ ಕಂಪನಿಯದ್ದಾದರೂ. ಪ್ರತಿ ಪೆಡಲ್ಲಿಗೂ ಬೇರೆ ಬೇರೆಯಾಗಿ ಕರೆಂಟ್ ಕೊಡುವ ಐಸೊಲೇಟೆಡ್ ಪವರ್ ಸಪ್ಲೈ ಹಾಕಿದೆ, ನಿಂತಿತು. ಅಂದಹಾಗೆ ಇದರೊಳಗೆ 9 ವೋಲ್ಟ್ ಬ್ಯಾಟರಿಯೂ ಹಾಕಬಹುದು. ಆಗ ನುಡಿಸಿ ಮುಗಿದ ಕೂಡಲೇ ಇನ್‌ಪುಟ್ ಕೇಬಲ್ ಕೀಳಬೇಕು. ಕೇಬಲ್ ಇದ್ದಷ್ಟೂ ಹೊತ್ತು ಅದು ಆನ್ ಇರುತ್ತದೆ.

ಬಫರ್ (ಸಿಗ್ನಲ್ಲಿಗೆ ಬಲ ಕೊಡುವ ಸಣ್ಣ ಸರ್ಕ್ಯೂಟ್) ಬಗ್ಗೆ ಗಿಟಾರಿನವರು ಜಗಳವಾಡುವಷ್ಟು ಇನ್ಯಾವುದಕ್ಕೂ ಆಡುವುದಿಲ್ಲವೇನೋ. ವಿಷಯ ಸರಳ. ತಂತಿಯ ಕಂಪನವನ್ನು ಕರೆಂಟಾಗಿ ಬದಲಿಸುವುದು ಪಿಕಪ್. ಗಿಟಾರಿನ ಪಿಕಪ್‌ನಿಂದ ಬರುವ ಸಿಗ್ನಲ್ ದುರ್ಬಲ. ಕೇಬಲ್ ಉದ್ದವಾದಷ್ಟೂ ಅದರ ಹೊಳಪು, ಅಂದರೆ ಟ್ರೆಬಲ್, ಕಡಿಮೆಯಾಗುತ್ತದೆ. ಟಿಯು-3 ಆಫ್ ಇದ್ದಾಗಲೂ ಒಳಗಿನ ಬಫರ್ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಅದರಿಂದ ಆಚೆ ಕೇಬಲ್ ಎಷ್ಟೇ ಇದ್ದರೂ ಹೊಳಪು ಉಳಿಯುತ್ತದೆ. ಆದರೆ ಮನೆಯಲ್ಲಿ ನಮ್ಮ ಕೇಬಲ್ ಎಷ್ಟುದ್ದ? ಮೂರು ಮೀಟರ್ ಈ ಕಡೆ, ಮೂರು ಮೀಟರ್ ಆ ಕಡೆ. ಬಫರ್ ಇದ್ದರೆ ಸ್ವಲ್ಪ ಚುರುಕು, ಇಲ್ಲದಿದ್ದರೆ ಸ್ವಲ್ಪ ಮೆತ್ತಗೆ. ಆಂಪಿನ ಟ್ರೆಬಲ್ ಕೊಂಚ ತಿರುಗಿಸಿದರೆ ಸರಿಹೋಗುವಷ್ಟೇ ವ್ಯತ್ಯಾಸ. ಬೋರ್ಡಿನಲ್ಲಿ ಈಗಾಗಲೇ ಬಾಸ್‌ನ ಇನ್ನೊಂದು ಪೆಡಲ್ ಇದ್ದರೆ ಅದರಲ್ಲೂ ಬಫರ್ ಇದೆ. ಒಂದೇ ಎಚ್ಚರಿಕೆ, ಹಳೇ ಶೈಲಿಯ ಫಝ್ ಪೆಡಲ್ (ದನಿಯನ್ನು ತುಂಬಾ ಒಡೆಯುವ ಒಂದು ಬಗೆಯ ಡಿಸ್ಟಾರ್ಷನ್) ಇದ್ದರೆ ಅದನ್ನು ಟ್ಯೂನರಿಗಿಂತ ಮೊದಲು ಇಡಿ. ಬಫರ್ ಆದಮೇಲೆ ಅದು ಒರಟಾಗುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿದರೂ ಸ್ವಚ್ಛವಾಗುವುದಿಲ್ಲ. ಟ್ರೂ ಬೈಪಾಸ್, ಅಂದರೆ ಪೆಡಲ್ ಆಫ್ ಇದ್ದಾಗ ಸಿಗ್ನಲ್ ಬಫರ್ ಇಲ್ಲದೆ ನೇರ ಹೋಗುವುದು, ಬೇಕೇ ಬೇಕು ಅನ್ನುವವರಿಗೆ ಟಿಯು-3ಡಬ್ಲ್ಯೂ ಇದೆ, ಅದರಲ್ಲಿ ಎರಡಕ್ಕೂ ಸ್ವಿಚ್ ಕೊಟ್ಟಿದ್ದಾರೆ.

ಮನೆಯಲ್ಲಿ ಮಗಳು ಕರ್ನಾಟಕ ಸಂಗೀತ ಕಲಿಯುತ್ತಾಳೆ, ಐದೂವರೆ ಮನೆ ಶ್ರುತಿ, ಗಿಟಾರಿನ ಲೆಕ್ಕದಲ್ಲಿ ಜಿ ಶಾರ್ಪ್. ಅವಳ ಜೊತೆ ನುಡಿಸಲು ನಾಲ್ಕನೇ ಫ್ರೆಟ್ಟಿಗೆ ಕೇಪೊ (ಎಲ್ಲ ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕುತ್ತೇನೆ. ಕೇಪೊ ಒತ್ತಿಗೆ ತಂತಿಗಳು ಸ್ವಲ್ಪ ಏರುವುದರಿಂದ ಹಾಕಿದ ಮೇಲೆ ಮತ್ತೆ ನೋಡಬೇಕು. ಇಲ್ಲಿ ಹನ್ನೆರಡು ಸ್ವರಗಳಲ್ಲಿ ಯಾವುದನ್ನಾದರೂ ತೋರಿಸುವ ಕ್ರೋಮ್ಯಾಟಿಕ್ ಮೋಡ್ ಕೆಲಸಕ್ಕೆ ಬರುತ್ತದೆ. ಅವಳ ಶ್ರುತಿ ಪೆಟ್ಟಿಗೆಯ ಫೈನ್ ನಾಬ್ ಯಾವಾಗಲೂ ಎಲ್ಲೋ ತಿರುಗಿರುತ್ತದೆ, ಎ ಸ್ವರಕ್ಕೆ 440 ಹರ್ಟ್ಜ್ ಅನ್ನುವ ಸಾಮಾನ್ಯ ಲೆಕ್ಕಕ್ಕೆ ನೇರ ಇರುವುದಿಲ್ಲ. ಟಿಯು-3ರ ಆಧಾರ ಸ್ವರವನ್ನು 436ರಿಂದ 445 ಹರ್ಟ್ಜ್ ತನಕ ಬದಲಿಸಬಹುದು. ಅಷ್ಟರೊಳಗೆ ಸಾಮಾನ್ಯವಾಗಿ ಹೊಂದುತ್ತದೆ. ಹೊಂದದಿದ್ದರೆ ನಾಬ್ ತಿರುಗಿಸು ಅಂತ ಅವಳಿಗೇ ಹೇಳುತ್ತೇನೆ, ಅವಳು ಒಪ್ಪುವುದಿಲ್ಲ. ತಂಬೂರಿ ಕೇಳಿ ಬೆಳೆದ ಕಿವಿಗೆ ಗಿಟಾರಿನ ಎರಡನೇ ತಂತಿ ಯಾವಾಗಲೂ ಏರಿದಂತೆ ಕೇಳುತ್ತದೆ, ಜಿ ಕಾರ್ಡಿನಲ್ಲಂತೂ ಖಂಡಿತ. ಕಿವಿ ಸರಿಯಾಗೇ ಇದೆ. ಗಿಟಾರಿನ ಅಂತರ ಗಾಂಧಾರ ತಂಬೂರಿಯಲ್ಲಿ ಕೇಳುವ ಸಹಜ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ; ಜಿ ಕಾರ್ಡಿನಲ್ಲಿ ಎರಡನೇ ತಂತಿ ನುಡಿಯುವುದು ಆ ಸ್ವರವನ್ನೇ. ಆ ತಂತಿ ಇಳಿಸಿದರೆ ಜಿ ಕಾರ್ಡ್ ಹಿತವಾಗುತ್ತದೆ, ಇ ಕಾರ್ಡ್ ಕೆಡುತ್ತದೆ. ಟ್ಯೂನರ್ ಯಾವುದಾದರೂ ಇದು ತಪ್ಪಿದ್ದಲ್ಲ. ಪೀಟರ್ಸನ್‌ನವರು ಇದಕ್ಕೆಂದೇ ಸ್ವಲ್ಪ ಹೊಂದಿಸಿದ ಶ್ರುತಿಗಳನ್ನು ಒಳಗೇ ಕೊಟ್ಟಿರುತ್ತಾರೆ.

ಸ್ಟ್ರೋಬ್ ಇದ್ದಿದ್ದರೆ ಅಂತ ನನಗೆ ಅನಿಸಿದ್ದು ಇಂಟೊನೇಶನ್, ಅಂದರೆ ಕತ್ತಿನುದ್ದಕ್ಕೂ ಶ್ರುತಿ ಸರಿಯಿರುವಂತೆ, ಹೊಂದಿಸುವಾಗ ಮಾತ್ರ. ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ಮುಟ್ಟಿ ಒಮ್ಮೆ ಮೀಟಬೇಕು, ಒತ್ತಿ ಹಿಡಿದು ಒಮ್ಮೆ. ಒತ್ತಿದಾಗ ಏರಿದ್ದರೆ ಬ್ರಿಡ್ಜಿನ ಸ್ಯಾಡಲ್ (ತಂತಿ ಕೂರುವ ತುಂಡು) ಹಿಂದಕ್ಕೆ ಸರಿಸಬೇಕು. ಇಲ್ಲಿ ಸಣ್ಣ ವ್ಯತ್ಯಾಸ ಕಾಣಬೇಕು, ಸ್ಟ್ರೋಬ್ ಡಿಸ್‌ಪ್ಲೇ ಅದನ್ನು ಹರಿಯುವ ಗೆರೆಗಳಲ್ಲಿ ಚೆನ್ನಾಗಿ ತೋರಿಸುತ್ತದೆ. ಟಿಯು-3ರ ಸ್ಟ್ರೀಮ್ ಮೋಡ್ ಸ್ವಲ್ಪ ಹಾಗೇ ಇದ್ದರೂ ಅಷ್ಟು ಸ್ಪಷ್ಟ ಅಲ್ಲ. ಗಿಟಾರ್ ರಿಪೇರಿಯಲ್ಲಿ ಆಸಕ್ತಿ ಇರುವವರು ಪೀಟರ್ಸನ್ ಅಥವಾ ಪಾಲಿಟ್ಯೂನ್ ಕಡೆ ನೋಡಿ. ಪಾಲಿಟ್ಯೂನ್‌ನಲ್ಲಿ ಆರೂ ತಂತಿ ಒಟ್ಟಿಗೆ ಮೀಟಿದರೆ ಯಾವುದು ತಪ್ಪಿದೆ ಅಂತ ತೋರಿಸುತ್ತದೆ. ಗೆಳೆಯನ ಮನೆಯಲ್ಲಿ ಅದನ್ನು ತುಂಬಾ ಸಲ ಬಳಸಿದ್ದೇನೆ. ನೋಡಲು ಚೆಂದ. ಆದರೆ ಕೊನೆಗೆ ಒಂದೊಂದೇ ತಂತಿ ಮೀಟಿಯೇ ಸರಿಮಾಡುವುದು, ಅವನೂ ಹಾಗೇ ಮಾಡುತ್ತಾನೆ.

ಟಿಯು-3ರ ದೊಡ್ಡ ಕೊರತೆ ಗಾತ್ರ. ಸಣ್ಣ ಬೋರ್ಡಿನಲ್ಲಿ ಒಂದು ಪೂರ್ತಿ ಪೆಡಲ್ ಜಾಗ ಟ್ಯೂನರಿಗೆ ಹೋಗುವುದು ಹೊಟ್ಟೆಯುರಿ. ಈಗ ಕೊಳ್ಳುತ್ತಿದ್ದರೆ, ಬೋರ್ಡ್ ಚಿಕ್ಕದಿದ್ದರೆ, ಪಾಲಿಟ್ಯೂನ್ 3 ಮಿನಿ ನೋಡುತ್ತಿದ್ದೆ. ಅದರಲ್ಲಿ ಬಫರ್ ಬೇಕಾದರೆ ಇದೆ, ಬೇಡವಾದರೆ ಟ್ರೂ ಬೈಪಾಸ್. ಬ್ಯಾಟರಿಗೆ ಜಾಗ ಇಲ್ಲ, ಡಿಸಿ ಔಟ್ ಇಲ್ಲ. ಹೆಸರಿಲ್ಲದ ಅಗ್ಗದ ಮಿನಿ ಟ್ಯೂನರ್ ಒಂದನ್ನೂ ಸ್ವಲ್ಪ ದಿನ ಇಟ್ಟಿದ್ದೆ. ತೆಳು ತಂತಿಗಳಿಗೆ ಚೆನ್ನಾಗಿತ್ತು. ಆರನೇ ತಂತಿಯನ್ನು ಕೆಳಗಿನ ಡಿಗೆ ಇಳಿಸಿದರೆ ಯೋಚಿಸುತ್ತಾ ಕೂರುತ್ತಿತ್ತು.

ಹಲವು ಪೆಡಲ್ ಒಂದರಲ್ಲೇ ಇರುವ ಮಲ್ಟಿ ಎಫೆಕ್ಟ್ ಉಳ್ಳವರು ಇದ್ಯಾವುದನ್ನೂ ಕೊಳ್ಳಬೇಡಿ, ಅದರೊಳಗೇ ಟ್ಯೂನರ್ ಇರುತ್ತದೆ. ಕಂಪ್ಯೂಟರಿಗೆ ಇಂಟರ್‌ಫೇಸ್ ಜೋಡಿಸಿ ಮಾತ್ರ ನುಡಿಸುವವರಿಗೂ ಬೇಡ. ಶ್ರುತಿ ನಿಲ್ಲುವುದೇ ಇಲ್ಲ ಅನ್ನುವವರು ಮೊದಲು ಹೊಸ ತಂತಿ ಹಾಕಿ, ಚೆನ್ನಾಗಿ ಎಳೆದು ಬಿಡಿ, ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಕಚ್ಚುಗಳಿಗೆ ಪೆನ್ಸಿಲ್ ಸೀಸ ಉಜ್ಜಿ ನೋಡಿ. ಉಳಿದವರು ಸೆಕೆಂಡ್ ಹ್ಯಾಂಡ್ ಟಿಯು-3 ಹುಡುಕಬಹುದು. 2010ರಿಂದ ಮಾರುಕಟ್ಟೆಯಲ್ಲಿ ಇರುವುದರಿಂದ ಆಗಾಗ ಸಿಗುತ್ತದೆ, ಗಟ್ಟಿ ಮಾಲು. ಕೊಳ್ಳುವಾಗ ಗಿಟಾರ್ ಜೊತೆಗೇ ಒಯ್ಯಿರಿ. 21 ದೀಪವೂ ಹತ್ತುತ್ತದಾ ನೋಡಿ, ಮ್ಯೂಟ್ ಒತ್ತಿ ಬಿಟ್ಟಾಗ ಸದ್ದು ತಡವಿಲ್ಲದೆ ವಾಪಸ್ ಬರುತ್ತದಾ ನೋಡಿ, ಜ್ಯಾಕ್ ಅಲ್ಲಾಡಿಸಿ ಕೇಳಿ. ಪೆಡಲ್ ತೆರೆದು ಬ್ಯಾಟರಿ ಸೋರಿದ ಕಲೆ ಇದೆಯಾ ಅಂತಲೂ ಒಮ್ಮೆ ಇಣುಕಿ. ಅಡಾಪ್ಟರ್ ಸೇರಿಸಿ ರೇಟ್ ಮಾತಾಡಿ.