ಸೋಟರ್ನ್, ಮೊಂಬಜಿಯಾಕ್, ಜುರಾನ್ಸೋಂ: ಯಾವುದಕ್ಕೆ ಯಾವ ಊಟ?

ಫ್ರಾನ್ಸ್‌ನ ಟುಲೂಸ್‌ಗೆ ಬಂದ ಹೊಸದರಲ್ಲಿ ಸಿಹಿ ವೈನನ್ನು ಊಟದ ಕೊನೆಗೆ, ಸಿಹಿತಿಂಡಿಯ ಜೊತೆಗೇ ಕುಡಿಯುತ್ತಿದ್ದೆ. ಪ್ರತಿ ಸಲವೂ ನಿರಾಸೆ. ಚಾಕೊಲೇಟ್ ಕೇಕಿನ ಒಂದು ತುತ್ತು ಸಾಕು, ವೈನಿನ ಸಿಹಿ ಅಡಗಿ ಬರೀ ಹುಳಿ ಉಳಿಯುತ್ತಿತ್ತು. ಇದಕ್ಕೆ ಬೇಕಾದದ್ದು ಉಪ್ಪು ಎಂದು ಕಲಿಸಿದ್ದು ಕುರಿಹಾಲಿನ ರೋಕ್‌ಫೋರ್ ಚೀಸ್. ಉಪ್ಪು ಖಾರ ಸವರಿದ ಅನಾನಸ್ ಹೋಳು ತಿಂದು ಬೆಳೆದ ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ಈ ಚಳಿಗಾಲದಲ್ಲಿ ಸೋಟರ್ನ್, ಮೊಂಬಜಿಯಾಕ್, ಜುರಾನ್ಸೋಂ ಎಂಬ ಮೂರು ಊರುಗಳ ಸಿಹಿ ವೈನ್ ತಂದು, ಹತ್ತು ಡಿಗ್ರಿಯ ಆಸುಪಾಸಿಗೆ ತಣಿಸಿ, ಒಂದೇ ಬಗೆಯ ತಿನಿಸುಗಳೊಂದಿಗೆ ನಾನೂ ನನ್ನ ಹೆಂಡತಿಯೂ ರುಚಿ ನೋಡಿದೆವು: ರೋಕ್‌ಫೋರ್, ಓವನ್‌ನಲ್ಲಿ ಬೇಯಿಸಿದ ಕೋಳಿ, ಸೇಬಿನ ಟಾರ್ಟ್, ಕೊನೆಗೆ ನಮ್ಮ ಮನೆಯ ಮೆಣಸಿನ ಕೋಳಿ.

ಸೋಟರ್ನ್‌ನದು ದೊಡ್ಡ ಹೆಸರು. ಬೋರ್ಡೊ ನಗರದ ದಕ್ಷಿಣಕ್ಕೆ, ತಣ್ಣನೆಯ ಸಿರೋಂ ಹೊಳೆ ಗರೋನ್ ನದಿಯನ್ನು ಕೂಡುವಲ್ಲಿ, ಶರತ್ಕಾಲದ ಮುಂಜಾನೆ ಮಂಜು ಕವಿಯುತ್ತದೆ. ಆ ತೇವಕ್ಕೆ ದ್ರಾಕ್ಷಿಗೆ ಬೋಟ್ರೈಟಿಸ್ ಎಂಬ ಬೂಷ್ಟು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲು ಹಣ್ಣು ಕೊಳೆಯದಂತೆ ಕಾಯುತ್ತದೆ. ಹಣ್ಣಿನ ನೀರು ಆರಿ ಸಕ್ಕರೆ ಗಟ್ಟಿಯಾಗುತ್ತದೆ. ಎಲ್ಲ ಗೊಂಚಲಿಗೂ ಒಮ್ಮೆಗೇ ಬೂಷ್ಟು ಹಿಡಿಯದ ಕಾರಣ ಕೊಯ್ಲಿನವರು ಅದೇ ಸಾಲಿಗೆ ಮತ್ತೆ ಮತ್ತೆ ಬಂದು ಹದವಾದದ್ದನ್ನಷ್ಟೇ ಬಿಡಿಸುತ್ತಾರೆ. ಹೆಸರಾಂತ ಶಾಟೊ ದಿಕೆಮ್ ತೋಟದಲ್ಲಿ ಒಂದು ಬಳ್ಳಿಯಿಂದ ಸಿಗುವುದು ಒಂದು ಗ್ಲಾಸ್ ವೈನ್. ನಾನು ಕೊಂಡದ್ದು ಸಣ್ಣ ತೋಟವೊಂದರ ಅರ್ಧ ಸೀಸೆ. ರೋಕ್‌ಫೋರ್ ಜೊತೆ ಅದಕ್ಕೆ ಸಾಟಿ ಇರಲಿಲ್ಲ. ಚೀಸ್‌ನ ಉಪ್ಪು ಜೇನಿನಂಥ ಆ ಗಾಢತೆಗೆ ತಗುಲಿದಾಗ ಕಿತ್ತಳೆ ಸಿಪ್ಪೆಯ ಕಹಿಯೊಂದು ಮೆಲ್ಲನೆ ಎದ್ದಿತು. ಗರಿಗರಿ ಚರ್ಮದ ಕೋಳಿಯೊಂದಿಗೂ ಚೆನ್ನಾಗಿತ್ತು, ಆದರೆ ಎರಡನೇ ಗ್ಲಾಸ್ ಬೇಡವೆನಿಸಿತು.

ಮೊಂಬಜಿಯಾಕ್ ಬೆರ್ಜರಾಕ್ ಪಟ್ಟಣದ ಬಳಿಯದು. ಸೋಟರ್ನ್‌ಗೆ ಬಳಸುವ ಅದೇ ಸೆಮಿಯೋಂ ದ್ರಾಕ್ಷಿ, ಅದೇ ಬೂಷ್ಟು, ನನಗೆ ಸಿಕ್ಕಿದ್ದು ಅರ್ಧ ಬೆಲೆಗೆ. ರೋಕ್‌ಫೋರ್ ಎದುರು ಸೋತಿತು. ಹೆಚ್ಚು ಸಕ್ಕರೆಯಿಲ್ಲದ ಸೇಬಿನ ಟಾರ್ಟ್ ಜೊತೆ ಮಾತ್ರ ಮೂರರಲ್ಲಿ ಇದೇ ಹಿತವಾಗಿತ್ತು.

ನನ್ನ ಮನಸ್ಸು ನಿಂತದ್ದು ಜುರಾನ್ಸೋಂ ಮೇಲೆ. ಪಿರೆನೀಸ್ ಬೆಟ್ಟಗಳ ತಪ್ಪಲಲ್ಲಿ, ಪೋ ನಗರದ ಪಕ್ಕದಲ್ಲಿ ಇದರ ತೋಟಗಳಿವೆ. ಇಲ್ಲಿ ಬೂಷ್ಟಿನ ಕೆಲಸ ಕಡಿಮೆ. ಪೆತಿ ಮಾನ್ಸೆಂಗ್ ದ್ರಾಕ್ಷಿಯ ಸಿಪ್ಪೆ ದಪ್ಪ. ಅದನ್ನು ನವೆಂಬರ್‌ವರೆಗೂ, ಕೆಲವೊಮ್ಮೆ ಡಿಸೆಂಬರ್‌ವರೆಗೂ ಬಳ್ಳಿಯಲ್ಲೇ ಬಿಡುತ್ತಾರೆ. ದಕ್ಷಿಣದ ಬೆಚ್ಚನೆಯ ಗಾಳಿಗೆ ಹಣ್ಣು ಸುಕ್ಕುಗಟ್ಟಿ ಸಿಹಿಯಾದರೂ ಹುಳಿ ಕುಂದುವುದಿಲ್ಲ. ಕೊಳ್ಳುವಾಗ ಲೇಬಲ್ ನೋಡಿ: ಹೆಸರಿನ ಮುಂದೆ ‘ಸೆಕ್’ ಎಂದಿದ್ದರೆ ಅದು ಸಿಹಿ ವೈನ್ ಅಲ್ಲ.

ಮೆಣಸಿನ ಕೋಳಿಯ ಘಾಟಿಗೆ ಸೋಟರ್ನ್ ಗಂಟಲಲ್ಲಿ ಉರಿಯಿತು, ಮೊಂಬಜಿಯಾಕ್ ಪಾನಕದಂತಾಯಿತು. ಜುರಾನ್ಸೋಂ ಖಾರವನ್ನು ಸಿಹಿಯಿಂದ ತಣಿಸಿ, ಹುಳಿಯಿಂದ ನಾಲಿಗೆ ತೊಳೆದು, ಮುಂದಿನ ತುತ್ತಿಗೆ ಕೈ ಚಾಚುವಂತೆ ಮಾಡಿತು. ಅದರಲ್ಲಿದ್ದ ಪರಿಮಳವನ್ನು ಮೊದಲು ಗುರುತಿಸಿದವಳು ನನ್ನ ಹೆಂಡತಿ: ಮಾಗಿದ ಅನಾನಸ್.