ಬೆಂಗಳೂರು–ಹೈದರಾಬಾದ್ ವಿಮಾನ: ಟಿಕೆಟ್ ಮೇಲೆ ಒಂದೂಕಾಲು ಗಂಟೆ, ಮನೆಯಿಂದ ಲೆಕ್ಕ ಹಾಕಿದರೆ ಐದೂವರೆ

ಜಯನಗರದಲ್ಲಿ ಮನೆ, ಗಚ್ಚಿಬೌಲಿಯಲ್ಲಿ ಕೆಲಸ. ವರ್ಷಗಳಿಂದ ಈ ದಾರಿಯಲ್ಲಿ ವಿಮಾನದಲ್ಲೇ ಓಡಾಡುತ್ತಿದ್ದೇನೆ. 5ಕ್ಕೆ 3.5 ಕೊಡುತ್ತೇನೆ.

ದೇವನಹಳ್ಳಿ ವಿಮಾನ ನಿಲ್ದಾಣದಿಂದ ಹೈದರಾಬಾದಿನ ನಿಲ್ದಾಣ ಇರುವ ಶಂಷಾಬಾದ್‌ಗೆ ಆಕಾಶದಲ್ಲಿ ನೇರವಾಗಿ ಅಳೆದರೆ ಸುಮಾರು 455 ಕಿ.ಮೀ. ರಸ್ತೆಯಲ್ಲಿ ಅನಂತಪುರ, ಕರ್ನೂಲು ದಾಟಿ ಹೋದರೆ ಊರಿಂದ ಊರಿಗೆ 570ರ ಹತ್ತಿರ. ಟಿಕೆಟ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ, ಹದಿನೈದು ನಿಮಿಷ ಅಂತ ಇರುತ್ತದೆ. ರನ್‌ವೇವರೆಗೆ ಹೋಗೋದು, ಇಳಿದ ಮೇಲೆ ನಿಲ್ಲೋ ಜಾಗಕ್ಕೆ ಬರೋದು ಎಲ್ಲಾ ಅದರಲ್ಲೇ ಸೇರಿದೆ. ಗಾಳಿಯಲ್ಲಿರೋದು ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ಸಿಕ್ಕರೆ ಇನ್ನೂ ಹತ್ತು-ಹದಿನೈದು ನಿಮಿಷ ಸೇರಿಸಿಕೊಳ್ಳಿ, ಅದರ ವೇಗವೇ ಕಡಿಮೆ.

ಸಮಯ ತಿನ್ನೋದು ನೆಲದ ಮೇಲೆ. ಜಯನಗರದಿಂದ ದೇವನಹಳ್ಳಿಗೆ ಬೆಳಗಿನ ಜಾವ ಒಂದು ಗಂಟೆ, ಸಂಜೆಯಾದರೆ ಎರಡು ಗಂಟೆಗೂ ಮೀರುತ್ತದೆ. ಹೆಬ್ಬಾಳ ದಾಟಿದರೆ ಅರ್ಧ ಜೀವ ಬಂದಂತೆ. ನಾನು ಹೆಚ್ಚಾಗಿ ವಾಯು ವಜ್ರ ಬಸ್ಸನ್ನೇ ಹತ್ತುತ್ತೇನೆ. ಸಾಮಾನಿಗೆ ಜಾಗ ಇದೆ, ಟ್ಯಾಕ್ಸಿಗಿಂತ ಎಷ್ಟೋ ಅಗ್ಗ. ಆ ಕಡೆ ಶಂಷಾಬಾದ್ ಮಾತ್ರ ನಿಜಕ್ಕೂ ಸುಖ. ಹೊರಗೆ ಬಂದ ಕೂಡಲೇ ಹೊರವರ್ತುಲ ರಸ್ತೆ, ಗಚ್ಚಿಬೌಲಿಗೆ ಮುಕ್ಕಾಲು ಗಂಟೆ ಸಾಕು. ಪುಷ್ಪಕ್ ಬಸ್ಸೂ ಇದೆ.

ಡಿಜಿಯಾತ್ರಾ ಬಂದ ಮೇಲೆ ಒಳಗೆ ಹೋಗೋ ಸಾಲು ಎರಡೂ ಕಡೆ ಕರಗಿದೆ. ಮುಖ ತೋರಿಸಿದರೆ ಗೇಟು ತೆರೆಯುತ್ತದೆ. ಆದರೆ ಬ್ಯಾಗ್ ತಪಾಸಣೆಯ ಸಾಲು ಹಾಗೇ ಇದೆ, ಸೋಮವಾರ ಬೆಳಿಗ್ಗೆ ಅಂತೂ ಕೇಳಲೇಬೇಡಿ.

ವಿಮಾನದೊಳಗೆ ಊಟ-ತಿಂಡಿ ನೆಚ್ಚಿಕೊಳ್ಳಬೇಡಿ. ಬೆಲ್ಟ್ ದೀಪ ಆರಿದ ಮೇಲೆ ಸಿಬ್ಬಂದಿಗೆ ಸಿಗೋದು ಅರ್ಧ ಗಂಟೆಯೂ ಇಲ್ಲ. ಗಾಡಿ ಹಿಂದಿನ ಸಾಲು ಮುಟ್ಟುವಷ್ಟರಲ್ಲಿ ಇಳಿಯುವ ಸೂಚನೆ ಬಂದಿರುತ್ತದೆ. ಅರ್ಧ ಕುಡಿದ ಬಿಸಿ ಟೀ ಲೋಟವನ್ನು ಕ್ಷಮೆ ಕೇಳುತ್ತಲೇ ವಾಪಸ್ ತೆಗೆದುಕೊಳ್ಳುತ್ತಾರೆ. ಪಾಪ, ಅವರ ತಪ್ಪಲ್ಲ. ಮಳೆಗಾಲ ಮುಗಿದ ಮೇಲೆ ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಮೋಡ ಇಲ್ಲದ ದಿನ ಶ್ರೀಶೈಲದ ಹಿನ್ನೀರು ಬೆಟ್ಟಗಳ ನಡುವೆ ಕವಲೊಡೆದು ಹರಡಿರೋದು ಕಾಣುತ್ತದೆ. ನನಗೆ ಇವತ್ತಿಗೂ ಅದರ ಮೇಲೆ ಆಸೆ ಹೋಗಿಲ್ಲ.

ಒಂದೂವರೆ ಅಂಕ ಕಳೆದಿದ್ದು ಆ ನೆಲದ ಮೇಲಿನ ಸಮಯಕ್ಕೆ, ಜೊತೆಗೆ ತಡಕ್ಕೆ. ರಾತ್ರಿಯ ಕೊನೇ ವಿಮಾನ ಬೆಳಗಿನಿಂದ ನಾಲ್ಕಾರು ಊರು ಸುತ್ತಿ ಬಂದಿರುತ್ತದೆ. ಅಲ್ಲಿ ಹತ್ತು, ಇಲ್ಲಿ ಇಪ್ಪತ್ತು ನಿಮಿಷ ಸೇರಿ ಸೇರಿ ನಮ್ಮ ತಲೆ ಮೇಲೆ ಒಂದೂವರೆ ಗಂಟೆ ಬೀಳುತ್ತದೆ. ಒಂದು ಕಂಪನಿಯಂತೂ ಗೇಟಿನ ಮುಂದೆ ಕೂತ ಮೇಲೆ ಮೆಸೇಜ್ ಕಳಿಸಿತು. ಮನೆಯಲ್ಲಿರುವಾಗಲೇ ತಿಳಿಸಬಾರದಾ? ಚಳಿಗಾಲದಲ್ಲಿ ಬೆಳಗಿನ ಮೊದಲ ವಿಮಾನಕ್ಕೂ ದೇವನಹಳ್ಳಿಯ ಮಂಜಿನ ಕಾಟ. ಡಿಸೆಂಬರ್, ಜನವರಿಯಲ್ಲಿ ನಾನು ಒಂಬತ್ತರ ನಂತರದ್ದನ್ನೇ ಬುಕ್ ಮಾಡುತ್ತೇನೆ.

ಯಶವಂತಪುರ–ಕಾಚಿಗುಡ ವಂದೇ ಭಾರತ್ 2023ರಲ್ಲಿ ಶುರುವಾಯಿತು, ಸುಮಾರು ಎಂಟೂವರೆ ಗಂಟೆ. ರಾಜಾಜಿನಗರ, ಮಲ್ಲೇಶ್ವರದ ಕಡೆಯವರು ಸಿಕಂದರಾಬಾದ್ ಕಡೆಗೆ ಹೋಗೋದಾದರೆ ಅದನ್ನೂ ನೋಡಿ. ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ನಿದ್ದೆ ಬರುವವರಿಗೆ ಹಗಲೇ ಉಳಿಯುತ್ತದೆ. ನನಗೆ ಬರೋದಿಲ್ಲ, ಅದಕ್ಕೇ ವಿಮಾನ. ಯಲಹಂಕ, ಹೆಬ್ಬಾಳದಲ್ಲಿ ಮನೆ ಇರುವವರು ನನ್ನ ಲೆಕ್ಕದಲ್ಲಿ ಒಂದು ಗಂಟೆ ಕಳೆದುಕೊಳ್ಳಿ, ಅಂಕ 4.5 ಮಾಡಿಕೊಳ್ಳಿ.